ಬಿಲ್ ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ವೆಂಡರ್ ಬಿಲ್ ಪಾಸ್ ಮಾಡುವ ತಂಡವನ್ನು ನೋಡಿಕೊಳ್ಳುತ್ತೇನೆ. ಪರ್ಚೇಸ್ ಆರ್ಡರ್, ಸರಕು ಸ್ಟೋರ್‌ಗೆ ಬಂದು ಸೇರಿದ ದಾಖಲೆ (ನಾವು ಜಿಆರ್‌ಎನ್ ಅನ್ನುತ್ತೇವೆ) ಮತ್ತು ಬಿಲ್, ಈ ಮೂರನ್ನೂ ತಾಳೆ ನೋಡಬೇಕು. ಸರಿ ಇದ್ದರೆ ಪೇಮೆಂಟ್‌ಗೆ ಕಳಿಸಬೇಕು. ಕೆಲಸ ಇಷ್ಟೇ. ಆದರೂ ತಿಂಗಳ ಕೊನೆ ಬಂತು ಅಂದರೆ ತಂಡದವರೆಲ್ಲ ರಾತ್ರಿಯವರೆಗೂ ಕೂರುತ್ತಿದ್ದರು. "ನಮ್ಮ ಬಿಲ್ ಏನಾಯ್ತು?" ಅನ್ನುವ ಫೋನ್ ನಿಲ್ಲುತ್ತಲೇ ಇರಲಿಲ್ಲ. ಫೋನ್ ಮಾಡುವವರಲ್ಲಿ ಹೆಚ್ಚಿನವರು ಸಣ್ಣ ವೆಂಡರ್‌ಗಳು. ನಮ್ಮಿಂದ ಹಣ ಹೋದರೆ ಅವರ ಕೆಲಸಗಾರರಿಗೆ ಸಂಬಳ ಆಗುತ್ತದೆ. ಹಾಗಾಗಿ ತಡವಾದ ಒಂದೊಂದು ಬಿಲ್ಲೂ ನನ್ನ ಮನಸ್ಸಿಗೆ ಚುಚ್ಚುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಎರಡೇ ದಾರಿ. ಇನ್ನೂ ಇಬ್ಬರನ್ನು ತೆಗೆದುಕೊಳ್ಳೋಣ, ಇಲ್ಲವೇ ಹೊಸ ಸಾಫ್ಟ್‌ವೇರ್ ಹಾಕೋಣ. ಅದಕ್ಕೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ ಅಂದೆ. ಕೆಲವು ಬಿಲ್‌ಗಳನ್ನು ಆರಿಸಿಕೊಂಡು, ಅವು ಯಾರ ಹತ್ತಿರ ಯಾವಾಗ ಬಂದವು, ಯಾವಾಗ ಕೈಗೆ ಎತ್ತಿಕೊಂಡರು, ಯಾವಾಗ ಮುಂದೆ ಹೋದವು ಅಂತ ಬರೆದಿಟ್ಟೆವು. ಒಂದು ಬಿಲ್ ಮೇಲೆ ನಿಜವಾಗಿ ಕೆಲಸ ನಡೆದದ್ದು ಕೆಲವೇ ನಿಮಿಷ. ಉಳಿದ ದಿನಗಳೆಲ್ಲ ಕಾಯುವುದರಲ್ಲೇ ಕಳೆದಿದ್ದವು. ಮೇಲ್‌ನಲ್ಲಿ ಕಾದಿತ್ತು, ಸಹಿಗೆ ಕಾದಿತ್ತು, ಸ್ಟೋರ್‌ನಿಂದ ಬರಬೇಕಾದ ಉತ್ತರಕ್ಕೆ ಕಾದಿತ್ತು.

ಈ ಕಾಯುವಿಕೆಗೆ ಒಂದು ಲೆಕ್ಕ ಇದೆ. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಅದನ್ನು ಗಣಿತದ ಮೂಲಕ ಸಾಧಿಸಿ ತೋರಿಸಿದರು. ದಿನಕ್ಕೆ ಸರಾಸರಿ 20 ಬಿಲ್ ಬಂದು 20 ಹೊರಗೆ ಹೋಗುತ್ತಿವೆ, ಒಳಗೆ ಯಾವಾಗಲೂ 200 ಬಾಕಿ ಇವೆ ಅಂದುಕೊಳ್ಳಿ. ಆಗ ಒಂದು ಬಿಲ್ ಹೊರಗೆ ಬರಲು ಸರಾಸರಿ 10 ದಿನ ಬೇಕೇ ಬೇಕು. ಒಬ್ಬೊಬ್ಬರು ಎಷ್ಟೇ ಬೇಗ ಟೈಪ್ ಮಾಡಿದರೂ, ಆ 200ರ ರಾಶಿ ಕರಗದೆ 10 ದಿನ ಕಡಿಮೆ ಆಗುವುದಿಲ್ಲ. ಇದು ಅರ್ಥವಾದ ಮೇಲೆ "ಬೇಗ ಬೇಗ ಮಾಡಿ" ಅಂತ ತಂಡಕ್ಕೆ ಹೇಳುವುದನ್ನೇ ಬಿಟ್ಟೆ. ರಾಶಿ ಎಲ್ಲೆಲ್ಲಿ ಬೀಳುತ್ತಿದೆ ಅಂತ ಹುಡುಕತೊಡಗಿದೆವು.

ಒಂದು ರಾಶಿ ಸಹಿಯದ್ದು. ಬಿಲ್‌ಗಳನ್ನು ವಾರವಿಡೀ ಸೇರಿಸಿಟ್ಟು ಶುಕ್ರವಾರ ಒಟ್ಟಿಗೆ ಕಳಿಸುವುದು ರೂಢಿ. ಕಾಗದದ ಫೈಲ್ ಹೊತ್ತು ಇನ್ನೊಂದು ಆಫೀಸಿಗೆ ಹೋಗಬೇಕಿದ್ದ ಕಾಲದಲ್ಲಿ ಅದು ಸರಿಯಾಗಿತ್ತು. ಈಗ ಎಲ್ಲವೂ ಸ್ಕ್ರೀನ್ ಮೇಲೇ ಇದೆ. ಶುಕ್ರವಾರ ಮಾತ್ರ ಹಾಗೇ ಉಳಿದಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಳಿಸಲು ಶುರು ಮಾಡಿದೆವು. ಸಹಿ ಮಾಡುವವರಿಗೂ ಒಂದೇ ಸಲ ರಾಶಿ ಬೀಳುವುದು ತಪ್ಪಿತು.

ದೊಡ್ಡ ರಾಶಿ ಇದ್ದದ್ದು ಸ್ಟೋರ್ ಕಡೆಗೆ. ಸರಕು ಬಂದಿರುತ್ತದೆ, ಬಿಲ್ಲೂ ಬಂದಿರುತ್ತದೆ, ಜಿಆರ್‌ಎನ್ ಮಾತ್ರ ಇರುವುದಿಲ್ಲ. ನಮ್ಮವರು ದಿನಾ ಮೇಲ್ ಹಾಕಿ, ಫೋನ್ ಮಾಡಿ ಸುಸ್ತಾಗುತ್ತಿದ್ದರು. "ಸ್ಟೋರ್‌ನವರು ಸ್ಪಂದಿಸುವುದಿಲ್ಲ" ಅನ್ನುವುದು ನಮ್ಮ ವಿಭಾಗದಲ್ಲಿ ದಿನನಿತ್ಯದ ಮಾತಾಗಿತ್ತು. ಟೊಯೋಟಾದ ಉತ್ಪಾದನಾ ಪದ್ಧತಿ ಕಟ್ಟಿದ ತೈಚಿ ಓನೊ ಅವರು ಒಂದು ತೊಂದರೆ ಕಂಡರೆ "ಯಾಕೆ" ಅಂತ ಐದು ಸಲ ಕೇಳಿ ಅನ್ನುತ್ತಿದ್ದರು. ಅದೂ ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಬೇಕು ಅನ್ನುವುದು ಅವರ ಪಟ್ಟು. ಹಾಗೆ ಸ್ಟೋರ್‌ಗೆ ಹೋಗಿ ಕೇಳಿದೆ. ಅಲ್ಲಿನ ಹಿರಿಯರೊಬ್ಬರು ಹೇಳಿದರು: "ಮೇಡಂ, ಲಾರಿ ಬಂದಾಗ ಸರಕು ಇಳಿಸೋದಾ, ಎಂಟ್ರಿ ಮಾಡೋದಾ? ಕಂಪ್ಯೂಟರ್ ಇರೋದು ಆಚೆ ಕಟ್ಟಡದಲ್ಲಿ. ಚೀಟಿಲಿ ಬರೆದಿಟ್ಕೊಂಡು ಪುರುಸೊತ್ತು ಸಿಕ್ಕಾಗ ಹೋಗ್ತೀವಿ." ಅವರು ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಸರಕು ಇಳಿಸುವ ಜಾಗದಲ್ಲೇ ಒಂದು ಕಂಪ್ಯೂಟರ್ ಹಾಕಿಸಿದೆವು. ನಮ್ಮ ವಿಭಾಗದ ಅರ್ಧ ಫಾಲೋಅಪ್ ಅಲ್ಲಿಗೇ ನಿಂತಿತು ಅಂದರೆ ನಂಬುತ್ತೀರಾ?

ಇದೇ ಬಗೆಯ ಒಂದು ಹಳೆಯ ಉದಾಹರಣೆ ಫೋರ್ಡ್ ಕಂಪನಿಯದ್ದು. 1980ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಅವರ ಬಿಲ್ ಪಾವತಿ ವಿಭಾಗದಲ್ಲೇ 500ಕ್ಕೂ ಹೆಚ್ಚು ಜನ ಇದ್ದರು. ಕಂಪ್ಯೂಟರ್ ತಂದು 400ಕ್ಕೆ ಇಳಿಸೋಣ ಅಂದುಕೊಂಡಿದ್ದರು. ಆಗ ಮಜ್ದಾ ಕಂಪನಿಯ ಕಡೆ ನೋಡಿದರೆ, ಅಲ್ಲಿ ಇದೇ ಕೆಲಸಕ್ಕೆ ಐದು ಜನ! ಮಜ್ದಾ ಚಿಕ್ಕದು ನಿಜ, ಆದರೂ ಇಷ್ಟು ಅಂತರ ಅಂದರೆ ಯೋಚಿಸಬೇಕಲ್ವಾ? ಫೋರ್ಡ್‌ನಲ್ಲಿ ಹೆಚ್ಚು ಹೊತ್ತು ಹೋಗುತ್ತಿದ್ದದ್ದು ತಾಳೆಯಾಗದ ಬಿಲ್‌ಗಳ ಹಿಂದೆ. ಒಂದೊಂದಕ್ಕೂ 14 ವಿವರ ಹೊಂದಬೇಕಿತ್ತು. ಆಮೇಲೆ ಅವರು ಬಿಲ್ ಅನ್ನೇ ಕೈಬಿಟ್ಟರು. ಸರಕು ಬಂದ ಜಾಗದಲ್ಲೇ ಆರ್ಡರ್ ಜೊತೆ ಹೋಲಿಸಿ, ಸರಿ ಇದ್ದರೆ ಇಳಿಸಿಕೊಳ್ಳುವುದು, ಇಲ್ಲದಿದ್ದರೆ ವಾಪಸ್. ಹೊಂದಬೇಕಾದ ವಿವರ ಮೂರಕ್ಕೆ ಇಳಿಯಿತು. ಜನರ ಸಂಖ್ಯೆ 75% ಕಡಿಮೆಯಾಯಿತು.

ಈ ಕೊನೆಯ ಅಂಕಿ ಕೇಳಿ ತಂಡದವರ ಮುಖ ಬಾಡಿತು. ಸಹಜವೇ. ಕೆಲಸ ಸುಲಭ ಮಾಡಿಕೊಟ್ಟವರ ಕೆಲಸವೇ ಹೋಗುವುದಾದರೆ ಯಾರು ತಾನೇ ಬಾಯಿಬಿಡುತ್ತಾರೆ? ಹಾಗಾಗಿ ಉಳಿತಾಯವಾಗುವ ಸಮಯವನ್ನು ವೆಂಡರ್ ಖಾತೆಗಳ ಹೊಂದಾಣಿಕೆಗೆ (ನಮ್ಮ ಲೆಕ್ಕವನ್ನು ಅವರ ಲೆಕ್ಕದ ಜೊತೆ ತಾಳೆ ನೋಡುವುದಕ್ಕೆ) ಬಳಸುತ್ತೇವೆ, ಯಾರನ್ನೂ ಕಳಿಸುವುದಿಲ್ಲ ಅಂತ ಮೇಲಿನವರಿಂದ ಮೊದಲೇ ಮಾತು ತೆಗೆದುಕೊಂಡೆ. ಈ ಮಾತು ಸಿಗದೆ ಇಂಥ ಬದಲಾವಣೆಗೆ ಕೈ ಹಾಕುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದಾದ ಮೇಲೆ ಒಳ್ಳೆಯ ಸಲಹೆಗಳೆಲ್ಲ ಬಂದದ್ದು ಅವರಿಂದಲೇ. ಆರ್ಡರ್‌ನಲ್ಲಿ ಬಾಕ್ಸ್ ಲೆಕ್ಕ, ಬಿಲ್‌ನಲ್ಲಿ ಬಿಡಿ ಲೆಕ್ಕ ಇರುವುದೇ ತಾಳೆ ತಪ್ಪಲು ಮುಖ್ಯ ಕಾರಣ ಅಂತ ಹಿಡಿದದ್ದು ತಂಡದ ಅತಿ ಕಿರಿಯ ಹುಡುಗಿ. ಆರ್ಡರ್ ಹಾಕುವಾಗಲೇ ವೆಂಡರ್ ಬಳಸುವ ಅಳತೆಯನ್ನೇ ಹಾಕುವಂತೆ ಪರ್ಚೇಸ್‌ನವರಿಗೆ ಹೇಳಿದೆವು.

ಸಾಫ್ಟ್‌ವೇರ್ ಜೊತೆಗೆ ಒಂದು ಎಕ್ಸೆಲ್ ರಿಜಿಸ್ಟರ್ ಕೂಡ ತುಂಬುತ್ತಿದ್ದೆವು. ಯಾರು ನೋಡುತ್ತಾರೆ ಅಂತ ಎಲ್ಲರನ್ನೂ ಕೇಳಿದರೆ ಒಂದು ಕಾಲಂ ಮಾತ್ರ ಬೇಕಿತ್ತು. ತಕರಾರು ಇರುವ ಬಿಲ್‌ಗಳ ಟಿಪ್ಪಣಿ ಅದು. ಅದನ್ನು ಸಾಫ್ಟ್‌ವೇರ್‌ಗೆ ಸೇರಿಸಿ ರಿಜಿಸ್ಟರ್ ನಿಲ್ಲಿಸಿದೆವು.

ಹಾಗಂತ ನಿಧಾನ ಅನ್ನಿಸಿದ್ದೆಲ್ಲವನ್ನೂ ಕಿತ್ತು ಹಾಕಲಿಲ್ಲ. ವೆಂಡರ್‌ನ ಬ್ಯಾಂಕ್ ಖಾತೆ ಬದಲಾಯಿಸುವವರು ಒಬ್ಬರು, ಪೇಮೆಂಟ್ ಬಿಡುವವರು ಇನ್ನೊಬ್ಬರು. ಈ ನಿಯಮ ಹಾಗೇ ಇದೆ. ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ, ನಮ್ಮ ದಾಖಲೆಯಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿ ಕೇಳಿಯೇ ಮುಂದುವರಿಯುತ್ತೇವೆ. ಸುಳ್ಳು ಮೇಲ್ ಕಳಿಸಿ ಹಣ ಲಪಟಾಯಿಸುವವರು ಕಾಯುವುದೇ ನಮ್ಮ ಅವಸರಕ್ಕೆ. ಇಲ್ಲಿ ಹೋಗುವ ಹತ್ತು ನಿಮಿಷದ ಬಗ್ಗೆ ನನಗೆ ಬೇಸರವೇ ಇಲ್ಲ.

ಈಗ ತಿಂಗಳ ಕೊನೆಯಲ್ಲೂ ತಂಡ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತದೆ. ಫೋನ್ ಕಡಿಮೆಯಾಗಿದೆ, ನಿಂತಿಲ್ಲ. ಇನ್ನೂ ಜಾಸ್ತಿ ಕಾಯುತ್ತಿರುವುದು ರಿಪೇರಿ, ಸಾಗಾಟದಂಥ ಸೇವೆಗಳ ಬಿಲ್‌ಗಳು. ಅಲ್ಲಿ ಸರಕೂ ಇಲ್ಲ, ಜಿಆರ್‌ಎನ್ ಕೂಡ ಇಲ್ಲ. ಕೆಲಸ ಮುಗಿದಿದೆ ಅಂತ ಆಯಾ ವಿಭಾಗದ ಮ್ಯಾನೇಜರ್ ಹೇಳಬೇಕು. ಅವರು ಎಲ್ಲಿ, ಯಾಕೆ ತಡೆಯುತ್ತಿದ್ದಾರೆ ಅಂತ ಅವರ ಪಕ್ಕದಲ್ಲೇ ಕೂತು ನೋಡಲು ಮುಂದಿನ ವಾರದಿಂದ ಶುರು ಮಾಡುತ್ತಿದ್ದೇವೆ.