105 ದಿನ ಬದುಕಿದ ಸೀಸ್ಯಾಟ್, ನಮ್ಮನೆ ಮುಂದಿನ ಸಮುದ್ರ

2025ರ ಜುಲೈ 30, ಬುಧವಾರ. ಹೊನ್ನಾವರದ ಹತ್ರ ಕಾಸರಕೋಡಲ್ಲಿ ನಮ್ಮನೆ, ನಾನು ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಬಂದಿದ್ದೆ. ಬೆಳಿಗ್ಗೆಯಿಂದ ಬಿಡದೆ ಮಳೆ, ಟ್ರಾಲಿಂಗ್ ಬ್ಯಾನ್ ಮುಗಿಯೋಕೆ ಇನ್ನೊಂದೇ ದಿನ ಬಾಕಿ ಅಂತ ಅಪ್ಪ ಜಗಲಿ ತುಂಬ ಬಲೆ ಹರಡ್ಕೊಂಡು ರಿಪೇರಿಗೆ ಕೂತಿದ್ರು. ಸಂಜೆ 5.40ಕ್ಕೆ ಶ್ರೀಹರಿಕೋಟಾದಿಂದ ನೈಸಾರ್, ಅಂದ್ರೆ ನಾಸಾ-ಇಸ್ರೋ ಸೇರಿ ಮಾಡಿದ ರೇಡಾರ್ ಉಪಗ್ರಹದ ಲಾಂಚ್ ಇತ್ತು, ಮೊಬೈಲ್ ಹಿಡ್ಕೊಂಡು ಅವರ ಪಕ್ಕಕ್ಕೇ ಹೋಗಿ ಕೂತೆ. ರಾಕೆಟ್ ಮೇಲೆ ಹೋಗಿದ್ದು ನೋಡಿ ಅಪ್ಪ ಕೇಳಿದ್ರು, "ಇಷ್ಟು ಮೋಡ ಉಂಟಲ್ಲ, ಮೇಲಿಂದ ಅದಕ್ಕೆ ಎಂತ ಕಾಣ್ತದೆ?"

ನನ್ನ ಕೆಲಸವೇ ರೇಡಾರ್ ಇಮೇಜ್‌ಗಳದ್ದು, ಆದ್ರೂ ಇಷ್ಟು ವರ್ಷದಲ್ಲಿ ಅಪ್ಪಂಗೆ ಒಂದು ದಿನವೂ ಕೂತು ಹೇಳಿರ್ಲಿಲ್ಲ. ಅದಕ್ಕೆ ನೈಸಾರ್ ಬಿಟ್ಟು ಸೀಸ್ಯಾಟ್‌ನಿಂದಲೇ ಶುರು ಮಾಡಿದೆ, ಯಾಕಂದ್ರೆ ನಂಗೆ ಎಲ್ಲಾ ಉಪಗ್ರಹಗಳಲ್ಲಿ ಅದರ ಮೇಲೇ ಪ್ರೀತಿ ಜಾಸ್ತಿ.

ಸೀಸ್ಯಾಟ್ ನಾಸಾದ್ದು. ಅವರ ಜೆಪಿಎಲ್ ಲ್ಯಾಬ್‌ನವರು ಸಮುದ್ರ ನೋಡೋಕೆ ಅಂತಲೇ ಮಾಡಿದ್ದು, 1978ರ ಜೂನ್ 27ಕ್ಕೆ ಕ್ಯಾಲಿಫೋರ್ನಿಯಾದಿಂದ ಹೋಯ್ತು, ಸುಮಾರು 800 ಕಿಲೋಮೀಟರ್ ಎತ್ತರ, ದಿನಕ್ಕೆ 14 ಸುತ್ತು. ಒಟ್ಟು ಐದು ಉಪಕರಣ ಇದ್ವು, ಒಂದು ನೀರಿನ ಮಟ್ಟದ ಏರಿಳಿತ ಅಳೆಯೋದು, ಒಂದು ಗಾಳಿ ಯಾವ ಕಡೆಗೆ ಎಷ್ಟು ಜೋರಾಗಿ ಬೀಸ್ತಿದೆ ಅಂತ ಹೇಳೋದು, ಹೀಗೆ. ಆದ್ರೆ ನನ್ನಂಥೋರಿಗೆ ಮುಖ್ಯವಾದ್ದು ಅದರ ಸಾರ್, ಅಂದ್ರೆ ಸಿಂಥೆಟಿಕ್ ಅಪರ್ಚರ್ ರೇಡಾರ್. ಭೂಮಿ ನೋಡೋಕೆ ಅಂತ ನಾಗರಿಕ ಉಪಗ್ರಹವೊಂದು ಸಾರ್ ಹೊತ್ಕೊಂಡು ಹೋಗಿದ್ದು ಅದೇ ಮೊದಲು. ಅಷ್ಟು ಎತ್ತರದಿಂದ 25 ಮೀಟರ್‌ನಷ್ಟು ಸಣ್ಣದು ಕಾಣಬೇಕಂದ್ರೆ ಕಿಲೋಮೀಟರ್‌ಗಟ್ಟಲೆ ಉದ್ದದ ಆಂಟೆನಾ ಬೇಕು, ಇದರದ್ದು 10.7 ಮೀಟರ್ ಅಷ್ಟೇ. ಓಡ್ತಾ ಓಡ್ತಾ ಬಂದ ಪ್ರತಿಧ್ವನಿಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ್ರೆ ಆ ಉದ್ದದ ಆಂಟೆನಾ ಇದ್ದಂಗೇ ಆಗುತ್ತೆ, ಅದೇ ಅದರ ಕೈಚಳಕ.

ಆ ರೇಡಾರ್‌ನ ಅಲೆಯುದ್ದ 23.5 ಸೆಂಟಿಮೀಟರ್. ಅಪ್ಪನ ಕೈ ಹಿಡಿದು ಒಂದು ಗೇಣು ಅಳೆದು ತೋರಿಸ್ದೆ, "ಇಷ್ಟುದ್ದದ ಅಲೆ, ಇದಕ್ಕೆ ಮೋಡ ಅಡ್ಡ ಬರಲ್ಲ, ಕತ್ತಲೆನೂ ಅಡ್ಡ ಬರಲ್ಲ." ನೀರು ನುಣುಪಾಗಿದ್ರೆ ರೇಡಾರ್ ಅಲೆ ಅತ್ಲಾಗೇ ಜಾರಿ ಹೋಗುತ್ತೆ, ಅಲ್ಲಿ ಚಿತ್ರ ಕಪ್ಪು. ಸಣ್ಣ ಸಣ್ಣ ತೆರೆ ಎದ್ದಿದ್ರೆ ಸ್ವಲ್ಪ ವಾಪಸ್ ಬರುತ್ತೆ, ಅಲ್ಲಿ ಬಿಳಿ. ಅಮೆರಿಕದ ನಾಂಟಕೆಟ್ ದ್ವೀಪದ ಹತ್ರದ ಸೀಸ್ಯಾಟ್ ಚಿತ್ರದಲ್ಲಿ ನೀರಿನಡಿಯ ಮರಳ ದಿಬ್ಬಗಳ ಗೆರೆ ಮೇಲೆ ಕಾಣ್ಸುತ್ತೆ, ರೇಡಾರ್ ಅಂತೂ ಉಪ್ಪು ನೀರೊಳಗೆ ಇಳಿಯಲ್ಲ, ದಿಬ್ಬದ ಮೇಲೆ ಹರಿಯೋ ಸೆಳೆತಕ್ಕೆ ಮೇಲಿನ ತೆರೆಯೇ ಬದಲಾಗಿರುತ್ತೆ. ಇದನ್ನ ಕೇಳಿ ಅಪ್ಪ ಬಲೆ ಕೆಳಗಿಟ್ರು. "ನಾವೂ ಹಾಗೇ ಅಲ್ಲನ, ಮೇಲಿನ ನೀರು ನೋಡೇ ಅಡಿಯಲ್ಲಿ ಎಂತ ಉಂಟು ಹೇಳೂದು." ನಂಗೆ ಮೈ ಜುಂ ಅಂತು, ನಾನು ಐದು ವರ್ಷ ಓದಿ ಕಲಿತಿದ್ದು ಅದನ್ನೇ.

ಅಪ್ಪ ನೋಡಬೇಕು ಅಂದ್ರು, ಲ್ಯಾಪ್‌ಟಾಪ್ ತಂದೆ. ಆಗ ಟೇಪ್‌ಗಳಲ್ಲಿ ಹಿಡಿದಿಟ್ಟಿದ್ದ ಸಿಗ್ನಲ್‌ಗಳನ್ನ ಅಲಾಸ್ಕದ ಸ್ಯಾಟಲೈಟ್ ಫೆಸಿಲಿಟಿಯವರು ಹೊಸದಾಗಿ ಪ್ರೊಸೆಸ್ ಮಾಡಿ 2013ರಲ್ಲಿ ಎಲ್ರಿಗೂ ಫ್ರೀಯಾಗಿ ಬಿಟ್ಟಿದ್ದಾರೆ, ಮ್ಯಾಪಲ್ಲಿ ಜಾಗ ಆರಿಸಿ ಡೌನ್‌ಲೋಡ್ ಮಾಡಿದ್ರಾಯ್ತು. ಅಪ್ಪ ಕೇಳಿದ್ದು ಸಹಜವಾಗಿ ನಮ್ಮೂರು. ನಾನು ಅದುವರೆಗೆ ಅಲಾಸ್ಕ, ಕ್ಯಾಲಿಫೋರ್ನಿಯಾ ಕಡೆದ್ದೇ ನೋಡಿದ್ದೋನು, ಶರಾವತಿ ಅಳಿವೆ ಮೇಲೆ ಚೌಕ ಎಳೆದೆ. ಏನೂ ಬರ್ಲಿಲ್ಲ. ಕಾರವಾರದಿಂದ ಮಂಗಳೂರಿನ ತನಕ ಎಳೆದೆ, ಇಡೀ ಅರಬ್ಬಿ ಸಮುದ್ರಕ್ಕೇ ಎಳೆದೆ, ಖಾಲಿ.

ಕಾರಣ ನಂಗೆ ಗೊತ್ತಿದ್ದದ್ದೇ, ಆ ಹೊತ್ತಿಗೆ ಹೊಳೆದಿರ್ಲಿಲ್ಲ ಅಷ್ಟೇ. ಸಾರ್ ಡೇಟಾ ಎಷ್ಟು ದೊಡ್ಡದು ಅಂದ್ರೆ ಉಪಗ್ರಹದೊಳಗೆ ಅದನ್ನ ರೆಕಾರ್ಡ್ ಮಾಡಿ ಇಟ್ಕೊಳ್ಳೋ ವ್ಯವಸ್ಥೆನೇ ಇರ್ಲಿಲ್ಲ, ಕೆಳಗೆ ಸ್ಟೇಷನ್ ಕಣ್ಣಿಗೆ ಕಂಡಾಗ ಮಾತ್ರ ನೇರವಾಗಿ ಇಳಿಸಬೇಕು, ಅಂಥ ಸ್ಟೇಷನ್ ಇದ್ದಿದ್ದು ಅಮೆರಿಕದಲ್ಲಿ ಮೂರು, ಕೆನಡಾದಲ್ಲೊಂದು, ಇಂಗ್ಲೆಂಡಲ್ಲೊಂದು. ಅದಕ್ಕೇ ಸಾರ್ ಡೇಟಾ ಎಲ್ಲಾ ಸೇರಿ ಸುಮಾರು 42 ಗಂಟೆದು ಅಷ್ಟೇ.

"ಮತ್ತೆ ಯಾಕೆ ಇನ್ನೂ ಸ್ವಲ್ಪ ದಿನ ತೆಗೀಲಿಲ್ಲ?" ಅಂದ್ರು ಅಪ್ಪ.

ಅಕ್ಟೋಬರ್ 10ಕ್ಕೆ ಅದು ಸತ್ತು ಹೋಯ್ತು, 105ನೇ ದಿನ. ಉಪಗ್ರಹ ಭೂಮಿ ಕಡೆ ಮುಖ ಮಾಡಿರುತ್ತೆ, ಸೋಲಾರ್ ಪ್ಯಾನೆಲ್ ಸೂರ್ಯನ ಕಡೆ ತಿರುಗ್ತಾ ಇರಬೇಕು, ತಿರುಗೋ ಭಾಗದಿಂದ ಕರೆಂಟ್ ಒಳಗೆ ತರೋದು ಸ್ಲಿಪ್ ರಿಂಗು, ಬ್ರಶ್ಶು, ಮಿಕ್ಸಿಯೊಳಗಿನ ಕಾರ್ಬನ್ ಬ್ರಶ್ ಥರ. ಪ್ಲಸ್ಸಿನದ್ದು, ಮೈನಸ್ಸಿನದ್ದು ಅಕ್ಕಪಕ್ಕದಲ್ಲೇ ಇಟ್ಟಿದ್ರು. ಅಲ್ಲಿ ಶಾರ್ಟ್ ಆಗಿ ಬ್ಯಾಟರಿ ಪೂರ್ತಿ ಇಳಿದೋಯ್ತು. ಹಳೇ ಅಜೆನಾ ರಾಕೆಟ್‌ನದ್ದೇ ಬಾಡಿ, ಎಷ್ಟೋ ಸಲ ಹಾರಿದ್ದು ಅಂತ ಆ ಭಾಗವನ್ನ ಸಾಕಷ್ಟು ಪರೀಕ್ಷೆ ಮಾಡಿರ್ಲಿಲ್ಲ ಅಂತ ತನಿಖೆಯಲ್ಲಿ ಬಂತು. ನಂಗೆ ಇವತ್ತಿಗೂ ಇದನ್ನ ಓದಿದಾಗ ಹೊಟ್ಟೆ ಉರಿಯುತ್ತೆ, ರೇಡಾರ್‌ಗೆ ಏನೂ ಆಗಿರ್ಲಿಲ್ಲ.

ಅಪ್ಪ ಬೆರಳು ಮಡಚಿ ಲೆಕ್ಕ ಹಾಕ್ತಾ ಇದ್ರು. ಜೂನ್ ಕೊನೆಯಿಂದ ಅಕ್ಟೋಬರ್ ಶುರುವಿನ ತನಕ. "ಅಂದ್ರೆ ಇಲ್ಲಿ ಹೆಚ್ಚುಕಡಿಮೆ ಮಳೆಗಾಲ ಪೂರ್ತಿ ಅದು ಮೇಲೆ ಇತ್ತು." ಹೌದಲ್ಲ! ಮೋಡದಿಂದ ಕ್ಯಾಮೆರಾಗೆ ಏನೂ ಕಾಣದ ಮೂರೂವರೆ ತಿಂಗಳು, ರೇಡಾರ್‌ಗೆ ಮಾತ್ರ ಕಾಣೋ ಕಾಲ, ಅದು ನಮ್ಮ ತಲೆ ಮೇಲೆ ಹಾದು ಹೋಗ್ತಾನೇ ಇತ್ತು. ಗಾಳಿ, ನೀರಿನ ಮಟ್ಟದ ಅಳತೆ ಚಿಕ್ಕ ಡೇಟಾ, ಅದನ್ನ ಟೇಪಲ್ಲಿಟ್ಕೊಂಡು ಆಮೇಲೆ ಇಳಿಸ್ತಿತ್ತು, ಆದ್ರೆ ನಮ್ಮ ದಡದ ಚಿತ್ರ ತೆಗೆಯೋಕೆ ಆಗ್ಲಿಲ್ಲ. ನೈಸಾರ್ ಜೋಡಿಸಿದ್ದು ಬೆಂಗಳೂರಲ್ಲೇ, ಅದರ ಒಂದು ರೇಡಾರ್ ಸೀಸ್ಯಾಟ್‌ದೇ ಎಲ್ ಬ್ಯಾಂಡು, ಅಂದ್ರೆ ಸುಮಾರು ಅದೇ ಗೇಣುದ್ದದ ಅಲೆ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತೆ, ಅಂತ ಹೇಳಿದೆ. ಅಪ್ಪನ ಗಮನ ಇನ್ನೂ ಆ ಖಾಲಿ ಚೌಕದ ಮೇಲೇ ಇತ್ತು.

"ಆ ವರ್ಷ ನಂಗೆ ಹದಿನಾರು. ರಂಪಣಿ ಬಲೆ ಇತ್ತು ಆಗ, ಊರಿಗೆ ಊರೇ ಹಗ್ಗ ಎಳೀತಿತ್ತು, ಪರ್ಸೀನ್ ದೋಣಿ ಆಗಷ್ಟೇ ಬರ್ತಾ ಇತ್ತು" ಅಂತ ಶುರು ಮಾಡಿ, ಮಳೆ ಬಿಟ್ಟ ಮೇಲೆ ಬಂಗಡೆ ಬಂದಾಗ ನೀರು ಹೇಗೆ ಕಾಣ್ತಿತ್ತು, ಎಲ್ಲಿ ಕಪ್ಪಾಗ್ತಿತ್ತು, ಅಳಿವೆ ಬಾಯಿ ಆಗ ಎಲ್ಲಿತ್ತು, ಮರಳು ಎಷ್ಟು ದೂರ ಚಾಚಿತ್ತು ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸ್ತಾ ಹೋದ್ರು. ನಾನು ಮ್ಯಾಪ್ ಜೂಮ್ ಮಾಡ್ತಾ ಹೋದೆ. ಕರೆಂಟ್ ಹೋದ್ರೂ ಲ್ಯಾಪ್‌ಟಾಪಲ್ಲಿ ಚಾರ್ಜ್ ಇತ್ತು.