ಕತ್ತರಿಸಿದ ಮೇಲೆ ಬಂದ ಪ್ರಶ್ನೆ

ಬೆಳಗಾವಿಯ ವೈದ್ಯಕೀಯ ಕಾಲೇಜೊಂದರ ಅಂಗರಚನಾಶಾಸ್ತ್ರ ವಿಭಾಗಕ್ಕೆ ಟ್ಯೂಟರ್ ಆಗಿ ಸೇರಿದ ಮೊದಲ ಮಳೆಗಾಲದಲ್ಲಿ ನಾನು ಮಾಡಿದ ತಪ್ಪೊಂದು, ಡಿಸೆಕ್ಷನ್ ಹಾಲ್‌ನಲ್ಲಿ ಮೃತದೇಹವನ್ನು ಬೋರಲು ಮಲಗಿಸಿದಾಗಲೆಲ್ಲ ಈಗಲೂ ನೆನಪಾಗುತ್ತದೆ. ಮಳೆಯ ಇರಚಲಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಫಾರ್ಮಲಿನ್ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಅಂದಿನ ಪಾಠ ಮೊಣಕಾಲಿನ ಹಿಂದಿರುವ ವಜ್ರಾಕಾರದ ಗುಳಿ, ಅಂದರೆ ಪಾಪ್ಲಿಟಿಯಲ್ ಫಾಸಾ. ಕೊಬ್ಬನ್ನು ಬಿಡಿಸುತ್ತ ಹೋದಂತೆ ಮೊದಲು ಟಿಬಿಯಲ್ ನರ, ಅದರಡಿ ಅಭಿಧಮನಿ, ಎಲ್ಲಕ್ಕಿಂತ ಆಳದಲ್ಲಿ ಎಲುಬಿಗೆ ಹತ್ತಿರವಾಗಿ ಅಪಧಮನಿ ಸಿಗುತ್ತದೆ ಎಂದು ಪುಸ್ತಕದಲ್ಲಿದ್ದಂತೆಯೇ ಹೇಳಿಕೊಟ್ಟಿದ್ದೆ.

ಎಡಗಾಲಿನಲ್ಲಿ ನರದ ಪಕ್ಕ ಓರೆಯಾಗಿ ಇಳಿದಿದ್ದ ತೆಳ್ಳನೆಯ ಪಟ್ಟಿಯೊಂದನ್ನು ವಿದ್ಯಾರ್ಥಿನಿಯೊಬ್ಬಳು ಫೋರ್ಸೆಪ್ಸ್‌ನಲ್ಲಿ ಎತ್ತಿ ಹಿಡಿದು, "ಸರ್, ಇದನ್ನ ತಗೀಲೇನ್ರಿ?" ಎಂದು ಕೇಳಿದಳು. "ತಗೀರಿ, ಬರೀ ಪೊರೆ ಅದು" ಎಂದೆ. ಕತ್ತರಿಸಿದ ಮೇಲೆ ಉಳಿದ ತುದಿಯಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಂತಿದ್ದ ಕಂದು ಎಳೆಗಳು ಕಂಡವು. ಪೊರೆಯಲ್ಲಿ ಅಂಥ ಎಳೆಗಳಿರುವುದಿಲ್ಲ, ಅದು ಸ್ನಾಯು.

ಸಂಜೆ ವಿಭಾಗದ ಮುಖ್ಯಸ್ಥರು ನೋಡಿ, ಬಯ್ಯದೆ, "ಇದು ಎಲುಬಿನ ಯಾವ ಜಾಗದಿಂದ ಹೊಂಟಿತ್ತು? ರಕ್ತನಾಳದ ಮ್ಯಾಲ ಹಾಯ್ದಿತ್ತೋ, ಕೆಳಗೋ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೀನಖಂಡದ ಗ್ಯಾಸ್ಟ್ರೋಕ್ನೀಮಿಯಸ್ ಸ್ನಾಯುವಿಗೆ ಸಾಮಾನ್ಯವಾಗಿ ಎರಡು ತಲೆಗಳಿದ್ದು (ತಲೆ ಎಂದರೆ ಸ್ನಾಯು ಎಲುಬಿನಿಂದ ಹೊರಡುವ ಮೇಲ್ಭಾಗ), ಕೆಲವರಲ್ಲಿ ತೊಡೆಯೆಲುಬಿನ ಹಿಂಬದಿಯಿಂದ ಮೂರನೆಯದೊಂದು ಹೊರಟು ಅವುಗಳಲ್ಲೊಂದನ್ನು ಸೇರುತ್ತದೆ. ನಾನು ತೆಗೆಸಿದ್ದು ಬಹುಶಃ ಅದೇ. ಬಹುಶಃ ಎನ್ನುವುದೇಕೆಂದರೆ, ಮೇಲಿನ ತುದಿ ಆಗಲೇ ಕೊಬ್ಬಿನ ಜೊತೆ ಟ್ರೇ ಸೇರಿತ್ತು.

ಅವರು ಕೇಳಿದ್ದು ಪರೀಕ್ಷೆಯ ಪ್ರಶ್ನೆಯಲ್ಲ. ಇಂಥ ಸ್ನಾಯು ಅಥವಾ ದಾರಿ ಬದಲಿಸಿದ ಅಪಧಮನಿ ಇದ್ದವರಲ್ಲಿ, ಓಡುವಾಗ ಸ್ನಾಯು ಬಿಗಿದು ರಕ್ತನಾಳ ಅದುಮಿ, ವಯಸ್ಸು ಚಿಕ್ಕದಿದ್ದರೂ ಮೀನಖಂಡ ನೋಯಬಹುದು. ಹೀಗೆ ದಾರಿ ಬದಲಿಸಿದ ಅಪಧಮನಿಯ ಮೂಲ ವರ್ಣನೆಯನ್ನು 1879ರಲ್ಲಿ ಬರೆದ ಆಂಡರ್ಸನ್ ಸ್ಟುವರ್ಟ್ ಆಗ ಎಡಿನ್‌ಬರೋದಲ್ಲಿ ಇನ್ನೂ ವಿದ್ಯಾರ್ಥಿ; ಕತ್ತರಿಸಿ ತೆಗೆದ ಕಾಲೊಂದರಲ್ಲಿ ಅಪಧಮನಿಯು ಗ್ಯಾಸ್ಟ್ರೋಕ್ನೀಮಿಯಸ್‌ನ ಒಳತಲೆಯನ್ನು ಸುತ್ತುಹಾಕಿ ಹೋಗಿದ್ದನ್ನು ಆತ ಗುರುತಿಸಿ ದಾಖಲಿಸಿದ. ಆತ ವಿದ್ಯಾರ್ಥಿಯಾಗಿದ್ದು ಕಂಡದ್ದನ್ನು ಬರೆದಿಟ್ಟ. ನಾನು ಮೇಷ್ಟ್ರಾಗಿದ್ದು ಕತ್ತರಿಸಲು ಹೇಳಿದೆ.

ಅಪಧಮನಿಯ ಕವಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು ಸಾಮಾನ್ಯವಾಗಿ, ಮಂಡಿಯ ಹಿಂಬದಿಯ ಆಳದಲ್ಲಿರುವ ಪಾಪ್ಲಿಟಿಯಸ್ ಎಂಬ ಸ್ನಾಯುವಿನ ಹಿಂದೆ ಇಳಿದು, ಸ್ನಾಯುವಿನ ಕೆಳಅಂಚಿನಲ್ಲಿ ಕವಲೊಡೆಯುತ್ತದೆ. ಕೆಲವರಲ್ಲಿ ಮೇಲೆಯೇ ಕವಲೊಡೆದು, ಆಂಟೀರಿಯರ್ ಟಿಬಿಯಲ್ ಎಂಬ ಕವಲು ಸ್ನಾಯುವಿನ ಮುಂದಿನಿಂದ, ಮಂಡಿಯ ಕೆಳಗಿನ ಎಲುಬಿಗೆ ಅಂಟಿಕೊಂಡೇ ಇಳಿಯುತ್ತದೆ. ಭ್ರೂಣದಲ್ಲಿ ಸ್ನಾಯುವಿನ ಮುಂದೆ ಒಂದು, ಹಿಂದೆ ಒಂದು ನಾಳವಿದ್ದು, ಮುಂದಿನದು ಅಳಿದು ಹೋಗಬೇಕಾದಲ್ಲಿ ಉಳಿದುಕೊಂಡರೆ ಹೀಗಾಗುತ್ತದೆ. ಸವೆದ ಮಂಡಿಗಾಗಿ ಎಲುಬನ್ನು ಗರಗಸದಿಂದ ಕೊಯ್ಯುವ ಶಸ್ತ್ರಚಿಕಿತ್ಸೆಯಲ್ಲಿ ಎಲುಬಿನ ಬೆನ್ನಿಗೇ ಇರುವ ಆ ನಾಳಕ್ಕೆ ಸ್ನಾಯುವಿನ ಮರೆ ಇರುವುದಿಲ್ಲ. ಮೀನಖಂಡದ ಪ್ಲಾಂಟಾರಿಸ್ ಎಂಬ ಸಣ್ಣ ಸ್ನಾಯುವಂತೂ ಕೆಲವರಲ್ಲಿ ಇರುವುದೇ ಇಲ್ಲ. ಇದ್ದರೆ ಅದರ ಉದ್ದನೆಯ ಸ್ನಾಯುರಜ್ಜುವನ್ನು ಮೊದಲ ವರ್ಷದವರು ನರವೆಂದೇ ತಿಳಿಯುತ್ತಾರೆ.

ಈಗ ನನ್ನ ಟೇಬಲ್ಲಿನಲ್ಲಿ ಪುಸ್ತಕಕ್ಕೆ ಹೊಂದದ್ದು ಕಂಡರೆ ಸ್ಕಾಲ್ಪೆಲ್ ಕೆಳಗಿಡಬೇಕು. ಎರಡೂ ತುದಿ ಕಾಣುವವರೆಗೆ ಬಿಡಿಸಿ, ಬಣ್ಣದ ನೂಲು ಕಟ್ಟಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಇನ್ನೊಂದು ಕಾಲನ್ನೂ ನೋಡಿದ ಮೇಲೆಯೇ ಮುಂದಿನ ಮಾತು. ಎಲ್ಲವೂ ಒಂದು ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಅದರ ಮೊದಲ ಪುಟ ಆ ಎಡಗಾಲಿನದು. "ಉಗಮ" ಎಂಬ ಕಾಲಂನಲ್ಲಿ "ಗೊತ್ತಿಲ್ಲ" ಎಂದು ನಾನೇ ಬರೆದಿದ್ದೇನೆ.