ಮೀನಿಗಿಂತ ಮೊದಲು ನವಸಾಗರ

ಕಳೆದ ವರ್ಷ ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಯೊಂದು ನೀರು ತುಂಬಿಕೊಂಡು, ದೀಪ ಹಚ್ಚಿಕೊಂಡು, ಒಂದೇ ಒಂದು ಮೀನಿಲ್ಲದೆ ನಿಂತಿತ್ತು. ಶಿರಸಿಯ ಮಳೆಗಾಲದಲ್ಲಿ ಬಂದು ಹೋಗುವವರು ಕಡಿಮೆ. ಆದರೂ ಬಂದವರೆಲ್ಲ ಗಾಜಿಗೆ ಮೂಗು ತಾಗಿಸಿ ಹುಡುಕಿ, ಕೊನೆಗೆ ನನ್ನ ಮುಖ ನೋಡುತ್ತಿದ್ದರು. ಮೀನು ಯಾವಾಗ ಎಂದು ಕೇಳುವುದನ್ನು ಆಯಿ ಎರಡನೆಯ ವಾರಕ್ಕೇ ಬಿಟ್ಟಿದ್ದಳು. ನೆಂಟರು ವಿಚಾರಿಸಿದರೆ, "ಅವ ನೀರು ಸಾಕುತ್ತಿದ್ದಾನೆ" ಎಂದು ಹೇಳಿ ಒಳಗೆ ಹೋಗುತ್ತಿದ್ದಳು.

ಅವಳ ಮಾತು ತಮಾಷೆಯದಾದರೂ ತಪ್ಪಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಎರಡಡಿಯ ತೊಟ್ಟಿ ತಂದ ದಿನ ಸಂಜೆಯೇ ನಾಲ್ಕು ಗೋಲ್ಡ್‌ಫಿಶ್ ಬಿಟ್ಟಿದ್ದೆ. ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಐದನೆಯ ದಿನ ಅವು ಮೇಲೆ ಬಂದು ಬಾಯಿ ಕಳೆಯತೊಡಗಿದವು, ವಾರ ತುಂಬುವುದರೊಳಗೆ ನಾಲ್ಕೂ ಸತ್ತವು. ಅಂಗಡಿಯವರು ರೋಗದ ಮೀನು ಕೊಟ್ಟರೆಂದು ಆಗ ಬೈದಿದ್ದೆ. ಮೀನು ಕಿವಿರಿನ ಮೂಲಕ ಹೊರಹಾಕುವ ಅಮೋನಿಯಾಕ್ಕೆ ಬಣ್ಣವಿಲ್ಲ, ಅಷ್ಟು ಕಡಿಮೆ ಪ್ರಮಾಣದಲ್ಲಿ ವಾಸನೆಯೂ ಇಲ್ಲ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇಲ್ಲದ ಹೊಸ ತೊಟ್ಟಿಯಲ್ಲಿ ಅದು ದಿನದಿಂದ ದಿನಕ್ಕೆ ಸೇರುತ್ತಾ ಹೋಗಿ ಅದೇ ಕಿವಿರನ್ನು ಸುಡುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕೆಲಸ ಎರಡು ಹಂತದ್ದು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ಅದು ರಕ್ತಕ್ಕೆ ಸೇರಿದರೆ ಮೀನಿನ ರಕ್ತ ಆಮ್ಲಜನಕವನ್ನು ಹೊರಲಾರದು. ನೈಟ್ರೇಟನ್ನು ಮಾತ್ರ ಮೀನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ, ಉಳಿದದ್ದನ್ನು ನೀರು ಬದಲಿಸಿ ತೆಗೆಯಬಹುದು. ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಮಣ್ಣಿನಲ್ಲಿ ಈ ಜೀವಿಗಳನ್ನು ಗುರುತಿಸಿದ್ದು 1890ರ ಸುಮಾರಿಗೆ. ಎರಡೂ ಹಂತವನ್ನು ಒಂಟಿಯಾಗಿ ಮುಗಿಸುವ ಬ್ಯಾಕ್ಟೀರಿಯಾವೂ ಉಂಟೆಂದು ಗೊತ್ತಾದದ್ದು 2015ರಲ್ಲಿ. ನನ್ನ ತೊಟ್ಟಿಯಲ್ಲಿ ಯಾವುದು ಬಂದು ನೆಲೆಸಿತೋ ದೇವರೇ ಬಲ್ಲ.

ಮೀನಿಲ್ಲದೆ ಈ ಬ್ಯಾಕ್ಟೀರಿಯಾ ಬೆಳೆಸಬೇಕಾದರೆ ಅಮೋನಿಯಾವನ್ನು ನಾವೇ ಉಣಿಸಬೇಕು. ಅದಕ್ಕೆ ನಾನು ತಂದದ್ದು ಅಮೋನಿಯಂ ಕ್ಲೋರೈಡ್, ಎಂದರೆ ನವಸಾಗರ. ಹಿತ್ತಾಳೆ ಬೋಗುಣಿಗೆ ಕಲಾಯಿ ಹಾಕುವವನು ಕಾದ ಪಾತ್ರೆಯೊಳಗೆ ಇದನ್ನು ಉದುರಿಸಿ ಬಟ್ಟೆಯಿಂದ ಉಜ್ಜುವಾಗ ಏಳುತ್ತಿದ್ದ ಬಿಳಿಯ ಹೊಗೆಯ ಘಾಟು, ಡಬ್ಬಿಯ ಮುಚ್ಚಳ ತೆಗೆದಾಗ ವಾಸನೆಯೇ ಇಲ್ಲದಿದ್ದರೂ ನನಗೆ ನೆನಪಾಯಿತು. ಕಲಾಯಿಯ ನವಸಾಗರದಲ್ಲಿ ಏನೇನು ಬೆರೆತಿರುತ್ತದೆಂಬ ಖಾತ್ರಿಯಿಲ್ಲದ್ದರಿಂದ ಪ್ರಯೋಗಶಾಲೆಗೆ ಮಾರುವ ಶುದ್ಧ ಪುಡಿಯನ್ನೇ ಹುಬ್ಬಳ್ಳಿಯಿಂದ ತರಿಸಿದ್ದೆ. ತೊಟ್ಟಿಯಲ್ಲಿ ನಿಂತ ನೀರು ಸುಮಾರು 400 ಲೀಟರ್. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗಲು ಎರಡೂವರೆ ಗ್ರಾಂ ಪುಡಿ, ಅಂದರೆ ಹೆಚ್ಚುಕಡಿಮೆ ಅರ್ಧ ಚಹಾ ಚಮಚ. ಇಷ್ಟು ನೀರಿಗೆ ಇಷ್ಟೇ ಪುಡಿಯೇ ಎಂದು ಮೂರು ಸಲ ಲೆಕ್ಕ ಮಾಡಿದೆ.

ಐದನೆಯ ದಿನ ಶಿವಮೊಗ್ಗದ ಗೆಳೆಯನೊಬ್ಬ ತನ್ನ ಹಳೆಯ ಫಿಲ್ಟರಿನ ಸ್ಪಂಜಿನ ಅರ್ಧ ಭಾಗವನ್ನು ಒದ್ದೆ ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಕಳಿಸಿದ. ಕಂದು ಬಣ್ಣದ, ಕೆಸರು ವಾಸನೆಯ ಆ ತುಂಡನ್ನು ನನ್ನ ಹೊಸ ಫಿಲ್ಟರಿನಲ್ಲಿ ಇಡುವಾಗ ಆಯಿಗೆ ಮೊದಲ ಬಾರಿ ವಿಷಯ ಅರ್ಥವಾಯಿತು. "ಹೆಪ್ಪು ಹಾಕಿದ ಹಾಗೆ" ಎಂದಳು. ಹೌದು, ಆದರೆ ಮೊಸರಿನ ಬ್ಯಾಕ್ಟೀರಿಯಾ ಬೆಚ್ಚಗಿನ ಹಾಲಿನಲ್ಲಿ ಗಂಟೆಯೊಳಗೆ ಇಮ್ಮಡಿಯಾಗಿ ಬೆಳಗಾಗುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಇವುಗಳಿಗೆ ಇಮ್ಮಡಿಯಾಗಲು ಹೆಚ್ಚುಕಡಿಮೆ ಇಡೀ ದಿನ ಬೇಕು, ಅದೂ ನೀರು ಬೆಚ್ಚಗಿದ್ದರೆ. ನಮ್ಮ ಜಗಲಿಯ ನೀರು ಆಗ 22 ಡಿಗ್ರಿ ಇತ್ತು. ಹೀಟರ್ ಇಟ್ಟು 28ಕ್ಕೆ ಏರಿಸಿದೆ.

ಹನ್ನೆರಡನೆಯ ದಿನ, ಹನಿ ಹಾಕಿ ಬಣ್ಣ ನೋಡುವ ಅಮೋನಿಯಾದ ಪರೀಕ್ಷಾ ನಳಿಕೆ ಹಸಿರು ಬಿಟ್ಟು ಹಳದಿಗೆ ತಿರುಗಿತು, ಅಂದರೆ ಅಮೋನಿಯಾ ಮುಗಿದಿತ್ತು. ನೈಟ್ರೈಟಿನ ನಳಿಕೆ ನೇರಳೆಯಾಯಿತು, ಅಂದರೆ ನೈಟ್ರೈಟ್ ಹುಟ್ಟಿತ್ತು. ನಾನು ಹಿಗ್ಗಿ ಮತ್ತೆ ಎರಡೂವರೆ ಗ್ರಾಂ ಹಾಕಿದೆ. ಅದು ನಾಲ್ಕು ದಿನದಲ್ಲಿ ಮುಗಿಯಿತು, ಮೂರನೆಯದು ಮೂರೇ ದಿನದಲ್ಲಿ. ನಾಲ್ಕನೆಯದನ್ನು ಹಾಕಿದ ಮೇಲೆ ಎಲ್ಲವೂ ನಿಂತುಹೋಯಿತು. ಆರು ದಿನ ಕಳೆದರೂ ಅಮೋನಿಯಾ ಹಾಕಿದಷ್ಟೇ ಇತ್ತು.

ತಪ್ಪು ಪುಡಿಯದ್ದಲ್ಲ, ಬ್ಯಾಕ್ಟೀರಿಯಾದ್ದೂ ಅಲ್ಲ. ನಮ್ಮ ಬಾವಿಯದ್ದು, ಅಥವಾ ಬಾವಿಯನ್ನು ಅರಿಯದ ನನ್ನದು. ಜಂಬಿಟ್ಟಿಗೆ ಕಲ್ಲಿನ ನಡುವೆ ಇಳಿದು ಬರುವ ಮಳೆಯ ನೀರು ಬಹಳ ಮೃದು. ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ ಎಂದು ನಾವು ಹೆಮ್ಮೆಪಡುವ ಇದೇ ನೀರಿನಲ್ಲಿ ಆಮ್ಲವನ್ನು ತಡೆಯುವ ಬೈಕಾರ್ಬನೇಟ್ ಹೆಸರಿಗಷ್ಟೇ ಇರುತ್ತದೆ. ಅಮೋನಿಯಾ ನೈಟ್ರೈಟ್ ಆಗುವಾಗ ಹುಟ್ಟುವ ಆಮ್ಲ ಅದನ್ನು ತಿನ್ನುತ್ತಾ ಹೋಗುತ್ತದೆ. ಮೂರು ಕಂತಿನ ನವಸಾಗರಕ್ಕೆ ನನ್ನ ನೀರಿನಲ್ಲಿದ್ದದ್ದು ಪೂರ್ತಿ ಖರ್ಚಾಗಿತ್ತು. ನೀರು ಎಷ್ಟು ಹುಳಿ ಎಂದು ತೋರಿಸುವ ಪಿಎಚ್ ನಳಿಕೆ (ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು) ಬಣ್ಣದ ಪಟ್ಟಿಯ ಕೊನೆಯ ಹಳದಿಗೆ ಇಳಿದಿತ್ತು. ಅಷ್ಟು ಹುಳಿಯಾದ ನೀರಿನಲ್ಲಿ ಈ ಬ್ಯಾಕ್ಟೀರಿಯಾ ಸಾಯದಿದ್ದರೂ ಉಣ್ಣುವುದಿಲ್ಲ.

ಇನ್ನೊಂದು ಎಡವಟ್ಟೂ ಅಂದೇ ಬೆಳಕಿಗೆ ಬಂತು. ನೈಟ್ರೈಟಿನ ಬಣ್ಣದ ಪಟ್ಟಿ ಲೀಟರಿಗೆ 5 ಮಿಲಿಗ್ರಾಂಗೆ ಮುಗಿಯುತ್ತದೆ, ಅದರ ಮೇಲೆ ಎಷ್ಟಿದ್ದರೂ ನೇರಳೆ ನೇರಳೆಯೇ. ಒಂದು ಪಾಲು ತೊಟ್ಟಿಯ ನೀರಿಗೆ ಒಂಬತ್ತು ಪಾಲು ಬಾವಿಯ ನೀರು ಬೆರೆಸಿ, ಹನಿ ಹಾಕಿ, ಐದು ನಿಮಿಷ ಕಾದು ಕಿಟಕಿಯ ಬೆಳಕಿಗೆ ಹಿಡಿದಾಗ ನಳಿಕೆಯ ಬಣ್ಣ 1 ಮತ್ತು 2ರ ನಡುವೆ ನಿಂತಿತು. ಅಂದರೆ ತೊಟ್ಟಿಯಲ್ಲಿ 15ರ ಆಸುಪಾಸು. ಒಂದು ಗ್ರಾಂ ಅಮೋನಿಯಾದಿಂದ 2.7 ಗ್ರಾಂ ನೈಟ್ರೈಟ್ ಆಗುತ್ತದೆಂಬ ಲೆಕ್ಕ ಪುಸ್ತಕದಲ್ಲಿ ಓದಿದ್ದವನು, ಉಣಿಸುವ ಉತ್ಸಾಹದಲ್ಲಿ ಮರೆತಿದ್ದೆ.

ಮೂರರಲ್ಲಿ ಎರಡು ಪಾಲು ನೀರನ್ನು ಪೈಪಿನಲ್ಲಿ ತೋಟಕ್ಕೆ ಬಿಟ್ಟು ಹೊಸ ನೀರು ತುಂಬಿಸಿದೆ. ಅಡಿಗೆಮನೆಯ ಸೋಡಾಪುಡಿ ಐವತ್ತು ಗ್ರಾಂ ಕರಗಿಸಿ ಹಾಕಿದೆ. ಹೊನ್ನಾವರದ ಕಡೆಯಿಂದ ಬಂದ ಕಪ್ಪೆಚಿಪ್ಪನ್ನು ಜಜ್ಜಿ, ಜಾಲರಿ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟೆ. ಸುಣ್ಣದ ಅಂಶ ಮೆಲ್ಲಗೆ ಕರಗುತ್ತಿರಲೆಂದು. ಮೀನಿದ್ದಿದ್ದರೆ ಹೀಗೆ ಒಮ್ಮೆಲೇ ಪಿಎಚ್ ಏರಿಸಲು ಕೈ ಬರುತ್ತಿರಲಿಲ್ಲ, ಏಕೆಂದರೆ ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ. ಎರಡೇ ದಿನದಲ್ಲಿ ಅಮೋನಿಯಾ ಸೊನ್ನೆಯಾಯಿತು. ಆಮೇಲೆ ಎರಡು ದಿನಕ್ಕೊಮ್ಮೆ ಕಾಲು ಪ್ರಮಾಣ ಮಾತ್ರ.

ಮೂವತ್ತೊಂದನೆಯ ದಿನ ಮರ ಬಿದ್ದು ಕರೆಂಟು ಹೋಯಿತು, ಬಂದದ್ದು ಹತ್ತೊಂಬತ್ತು ಗಂಟೆಯ ನಂತರ. ಮುಚ್ಚಿದ ಫಿಲ್ಟರಿನೊಳಗೆ ನೀರು ಹರಿಯದಿದ್ದರೆ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತದೆ. ಟಾರ್ಚ್ ಬೆಳಕಿನಲ್ಲಿ ಅದನ್ನು ಬಿಚ್ಚಿ, ಸ್ಪಂಜು ಮತ್ತು ಸೆರಾಮಿಕ್ ರಿಂಗುಗಳನ್ನು ಬುಟ್ಟಿಯ ಸಮೇತ ತೊಟ್ಟಿಗೆ ಇಳಿಸಿ, ಬ್ಯಾಟರಿಯ ಏರ್ ಪಂಪ್ ಹಚ್ಚಿ ಪಕ್ಕದಲ್ಲೇ ಮಲಗಿದೆ.

ನೈಟ್ರೈಟ್ ಇಳಿದದ್ದು ಮೂವತ್ತೆಂಟನೆಯ ದಿನ, ಅದೂ ರಾತ್ರಿ ಬೆಳಗಾಗುವುದರೊಳಗೆ: ಮಲಗುವಾಗ ನೇರಳೆ, ಕಾಫಿಯ ಹೊತ್ತಿಗೆ ತಿಳಿನೀಲಿ. ಪೂರ್ತಿ ಎರಡೂವರೆ ಗ್ರಾಂ ಹಾಕಿ ಇಪ್ಪತ್ತನಾಲ್ಕು ಗಂಟೆಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗುವುದನ್ನು ಎರಡು ಸಲ ನೋಡಿ, ಅರ್ಧ ನೀರು ಬದಲಿಸಿ, ಎಂಟು ರೋಸಿ ಬಾರ್ಬ್ ತಂದೆ. ಮಲೆನಾಡಿನ ಥಂಡಿ ಅವಕ್ಕೆ ಒಗ್ಗುತ್ತದೆ. ಮೊದಲ ಐದು ದಿನ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನಳಿಕೆ ಹಿಡಿದು ನಿಲ್ಲುತ್ತಿದ್ದೆ. ಒಂದು ದಿನವೂ ಹಸಿರು ಕಾಣಲಿಲ್ಲ. ಆರನೆಯ ದಿನ ನಾನು ಏಳುವುದು ತಡವಾಯಿತು. ಜಗಲಿಗೆ ಬಂದರೆ ಆಯಿ ಮಣೆ ಹಾಕಿಕೊಂಡು ತೊಟ್ಟಿಯ ಮುಂದೆ ಕುಳಿತಿದ್ದಳು, ಎಂಟೂ ಮೀನು ಅವಳ ಬೆರಳ ಹಿಂದೆ ಓಡಾಡುತ್ತಿದ್ದವು. ಅರ್ಧ ಕಿಲೋ ನವಸಾಗರದ ಡಬ್ಬಿಯಲ್ಲಿ ಇಪ್ಪತ್ತು ಗ್ರಾಂ ಕೂಡ ಖರ್ಚಾಗಿಲ್ಲ. ಅದನ್ನು ಅಡಿಗೆಮನೆಯಿಂದ ದೂರ, ಮಾಳಿಗೆಯ ಮೇಲೆ ಇಟ್ಟಿದ್ದೇನೆ.